ವೇಷ ಮತ್ತು ಪಾತ್ರ

ನಟನೆ ಎಂದರೇನು ಎಂಬುದರ ಬಗ್ಗೆ ಬಲ್ಲವರು ದೊಡ್ಡ ದೊಡ್ಡ ಪುಸ್ತಕ ಬರೆದಿದ್ದಾರೆ. ನಟನಾದವನು ಪಾತ್ರವೇ ಆಗಿಬಿಡಬೇಕೆ, ಇಲ್ಲ ಹೊರಗೆ ನಿಂತು ತೋರಿಸಬೇಕೆ. ನಟನ ಕಣ್ಣೀರು ನಿಜವೆ, ಸುಳ್ಳೆ. ಒಬ್ಬ ಮನುಷ್ಯ ಇನ್ನೊಬ್ಬನಾಗುವುದು ಸಾಧ್ಯವೆ? ಇವೆಲ್ಲ ಆ ಪುಸ್ತಕಗಳ ಪ್ರಶ್ನೆಗಳು. ಒಳ್ಳೆಯ ಪ್ರಶ್ನೆಗಳೇ. ಆದರೆ ಗೆಳೆಯರೆ, ನಾವು ನಟನೆಯನ್ನು ಪುಸ್ತಕದಿಂದ ಕಲಿತವರಲ್ಲ, ರಂಗಶಾಲೆಯಿಂದಲೂ ಕಲಿತವರಲ್ಲ. ಗೌಡರ ಮನೆ ಬಾಗಿಲಲ್ಲಿ ನಿಂತಾಗ ಸೊಂಟ ಎಷ್ಟು ಬಾಗಬೇಕು, ದನಿ ಎಷ್ಟು ತಗ್ಗಬೇಕು, ಕಾಲಿನ ಎಕ್ಕಡ ಎಲ್ಲಿ ಕಳಚಿ ಕೈಗೆ ತಗೋಬೇಕು, ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಹೇಗೆ ನಿಲ್ಲಬೇಕು, ಇದನ್ನೆಲ್ಲ ನಮಗೆ ಅವ್ವ ಹೇಳಿಕೊಟ್ಟಳು. ನಾಲ್ಕೈದು ವರ್ಷದ ಮಗುವಿಗೆ ಹೇಳಿಕೊಟ್ಟಳು. ತಪ್ಪಿದರೆ ಬೆನ್ನ ಮೇಲೆ ಗುದ್ದು. ಅವ್ವನ ಗುದ್ದು ತಪ್ಪಿಸಿಕೊಂಡರೆ ಊರಿನವರ ಗುದ್ದು ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಂಥ ಕಟ್ಟುನಿಟ್ಟಿನ ತಾಲೀಮು ಯಾವ ರಂಗಶಾಲೆಯಲ್ಲಿದೆ?

ಆದ್ದರಿಂದ ನಟನೆಯ ವಿಚಾರ ಮಾತಾಡುವ ಹಕ್ಕು ನಮಗೂ ಉಂಟು. ನಮ್ಮ ಪ್ರಶ್ನೆ ಮಾತ್ರ ಸ್ವಲ್ಪ ಬೇರೆ. ಬೆಳಗಿನಿಂದ ಬೈಗಿನವರೆಗೆ ನಟಿಸಲೇಬೇಕಾದ ಮನುಷ್ಯನಿಗೆ ನಟನೆ ಕಲೆಯಾಗುವುದು ಯಾವಾಗ? ನಾವು ಯಾರು ಎಂಬುದನ್ನು ನಾವು ಹುಟ್ಟುವ ಮೊದಲೇ ಬೇರೆಯವರು ಬರೆದಿಟ್ಟಿರುವಾಗ, ಇನ್ನೊಬ್ಬರಾಗುವ ಕಲ್ಪನೆ ನಮಗೆ ಬಿಡುಗಡೆಯೋ, ಇಲ್ಲ ನಮ್ಮವರಿಗೇ ನಾವು ಮಾಡುವ ಮೋಸವೋ?

ಬಾಬಾಸಾಹೇಬ ಅಂಬೇಡ್ಕರರ ಬದುಕಿನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1917ರಲ್ಲಿ ಅವರು ಬರೋಡ ಸಂಸ್ಥಾನದ ನೌಕರಿಗೆ ಬಂದರು. ಅಮೆರಿಕದಲ್ಲಿ ಓದಿದವರು, ಲಂಡನ್ನಿನಲ್ಲಿ ಓದಿದವರು. ಓದಿಸಿದ್ದು ಅದೇ ಸಂಸ್ಥಾನದ ಮಹಾರಾಜರ ವಿದ್ಯಾರ್ಥಿ ವೇತನ. ಆದರೆ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಅಲ್ಲಿ ಪಾರ್ಸಿಗಳಲ್ಲದವರಿಗೆ ಜಾಗವಿಲ್ಲ. ನೋಡಿಕೊಳ್ಳುವವನಿಗೂ ದುಡ್ಡು ಬೇಕಾಗಿತ್ತು. ಪುಸ್ತಕದಲ್ಲಿ ಒಂದು ಪಾರ್ಸಿ ಹೆಸರು ಬರೆದರು, ದಿನಕ್ಕೆ ಒಂದೂವರೆ ರೂಪಾಯಿಯಂತೆ ಒಪ್ಪಂದವಾಯಿತು. ಮಹಡಿಯ ಮೇಲೆ ಮುರಿದ ಸಾಮಾನು ತುಂಬಿದ ಹಜಾರ, ಬಾವಲಿಗಳ ಸದ್ದು, ಒಂದು ಲಾಟೀನು. ಹನ್ನೊಂದನೆಯ ದಿನ ಒಂದು ಡಜನ್ ಜನ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ನೀನು ಯಾರು ಎಂದು ಕೇಳಿದರು. ಆ ದಿನ ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗದೆ, ಊರಿನ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟುಹೋದರು.

ತಾವು ಬೇರೊಬ್ಬರ ಹೆಸರಿನಲ್ಲಿ ಒಳಹೊಕ್ಕದ್ದನ್ನು ಬಾಬಾಸಾಹೇಬರು ಮುಚ್ಚಿಟ್ಟಿಲ್ಲ. ತಾವೇ ಬರೆದಿದ್ದಾರೆ. ಇದನ್ನು ಓದಿದಾಗ ನಮಗೆ ಧೈರ್ಯ ಬಂತು. ಸಂಕಟವೂ ಆಯಿತು. ಅಷ್ಟು ದೊಡ್ಡ ಮನುಷ್ಯನೂ ಒಂದು ಚಾಪೆ ಹಾಸುವ ಜಾಗಕ್ಕಾಗಿ ಹೆಸರು ಬದಲಿಸಬೇಕಾಯಿತಲ್ಲ!

ಇಲ್ಲಿ ಒಂದು ಭೇದ ಮಾಡಿಕೊಳ್ಳಬೇಕು. ಅನುಕೂಲಕ್ಕೆ ಒಂದನ್ನು ಪಾತ್ರ ಎನ್ನೋಣ, ಇನ್ನೊಂದನ್ನು ವೇಷ ಎನ್ನೋಣ. ರಂಗದ ಮೇಲೆ ಒಬ್ಬ ರಾಜನ ಪಾತ್ರ ಮಾಡುತ್ತಾನೆ. ಅವನು ರಾಜನಲ್ಲ ಎಂದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಎರಡು ಕಡೆಯವರೂ ಸೇರಿ ಒಪ್ಪಿಕೊಂಡ ಸುಳ್ಳು ಅದು. ಹಾಗೆ ಒಪ್ಪಿಕೊಂಡ ಮೇಲೆ ಅದು ಸುಳ್ಳಾಗಿ ಉಳಿಯುವುದಿಲ್ಲ, ಇಬ್ಬರೂ ಸೇರಿ ಒಂದು ನಿಜವನ್ನು ಹುಡುಕುವ ದಾರಿಯಾಗುತ್ತದೆ. ವೇಷ ಹಾಗಲ್ಲ. ವೇಷದಲ್ಲಿ ಗುಟ್ಟು ಒಬ್ಬನಿಗೇ ಗೊತ್ತು. ಎದುರಿನವನು ಪ್ರೇಕ್ಷಕನಲ್ಲ, ಅವನು ಪೊಲೀಸು. ಪಾತ್ರ ಮಾಡುವವನು ತಪ್ಪಿದರೆ ಜನ ನಗುತ್ತಾರೆ. ವೇಷ ಹಾಕಿದವನು ತಪ್ಪಿದರೆ ದೊಣ್ಣೆ ಬರುತ್ತದೆ. ಬಾಬಾಸಾಹೇಬರು ಬರೋಡದಲ್ಲಿ ಹಾಕಿದ್ದು ವೇಷ. ಹಾಕಿಸಿದವರು ಬೇರೆ, ನಾಚಿಕೆಪಡಬೇಕಾದವರೂ ಅವರೇ.

ಪಾತ್ರ ಏನೆಂಬುದನ್ನು ನಾವು ಕಂಡದ್ದು ನಮ್ಮಪ್ಪನಲ್ಲಿ.

ನಮ್ಮ ಕಡೆ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಆಡುವುದುಂಟು. ಹಾರ್ಮೋನಿಯಂ ಮೇಷ್ಟ್ರು ಬಂದು ಮೂರು ನಾಲ್ಕು ತಿಂಗಳು ರಾತ್ರಿ ಹೊತ್ತು ಕಲಿಸುತ್ತಾರೆ. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೈಕು, ಪೇಟೆಯಿಂದ ಬರುವ ಸ್ತ್ರೀಪಾತ್ರದವರ ಖರ್ಚು, ಎಲ್ಲಕ್ಕೂ ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ಪಾರ್ಟಿಗೊಂದು ರೇಟು. ದುರ್ಯೋಧನ, ಕೃಷ್ಣ, ಭೀಮನಿಗೆ ಹೆಚ್ಚು. ವಿದುರ, ಸಾತ್ಯಕಿಗೆ ಕಮ್ಮಿ. ನಮ್ಮೂರಿನವರ ನಾಟಕದಲ್ಲಿ ನಮ್ಮ ಕೇರಿಯವರಿಗೆ ಪಾರ್ಟು ಕೊಡುತ್ತಿರಲಿಲ್ಲ. ದುಡ್ಡು ಕೊಟ್ಟರೂ ಇಲ್ಲ. ಪೆಂಡಾಲಿನ ಗುಣಿ ತೋಡುವುದು ನಮ್ಮವರು, ನಾಟಕ ಆಡುವುದು ಅವರು. ನಾವು ಸಣ್ಣವರಿದ್ದಾಗ ಕೇರಿಯ ಹಿರಿಯರು ಹಠ ಹಿಡಿದು ತಾವೇ ಒಂದು ಕುರುಕ್ಷೇತ್ರ ಕಟ್ಟಿದರು. ನಮ್ಮಪ್ಪ ಎರಡು ಕುರಿಮರಿ ಮಾರಿ ದುರ್ಯೋಧನನ ಪಾರ್ಟು ತಗೊಂಡ. ಅವ್ವ ಒಂದು ವಾರ ಮಾತು ಬಿಟ್ಟಳು.

ಅಪ್ಪನಿಗೆ ಓದು ಬರದು. ಪಕ್ಕದ ಗುಡಿಸಲಿನ ಐದನೇ ಕ್ಲಾಸಿನ ಹುಡುಗಿ ಮಾತು ಓದುವಳು, ಅಪ್ಪ ಕೇಳಿ ಕೇಳಿ ಬಾಯಿಪಾಠ ಮಾಡುವನು. ಬದುವಿನ ಮೇಲೆ, ದನಗಳ ಹಿಂದೆ, ರಾಗಿ ಹೊರೆ ಹೊತ್ತಾಗ, ಎಲ್ಲೆಂದರಲ್ಲಿ ಕಂದಪದ್ಯ. ಮಾತು ಇಪ್ಪತ್ತು ದಿನಕ್ಕೆ ಬಂತು. ಬಾರದೆ ಹೋದದ್ದು ಕಣ್ಣು. ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು: ‘ತಲೆ ಎತ್ತಯ್ಯಾ, ರಾಜ ನೆಲ ನೋಡ್ಕಂಡು ಮಾತಾಡ್ತಾನೇನಯ್ಯಾ?’ ಅಪ್ಪ ಎತ್ತುವನು, ನಾಲ್ಕು ಮಾತಿಗೆ ಮತ್ತೆ ತಲೆ ತಾನಾಗಿ ಇಳಿಯುವುದು. ನಲವತ್ತು ವರ್ಷ ಊರಿನವರ ಕಾಲು ನೋಡಿ ಮಾತಾಡಿದ ಕಣ್ಣು ಅದು. ಮೇಲೇಳುವುದಕ್ಕೆ ಎರಡು ತಿಂಗಳು ಹಿಡಿಯಿತು. ಎದ್ದ ದಿನ ನಾವು ಅಲ್ಲೇ ಇದ್ದೆವು. ಅಪ್ಪ ಎದುರಿನ ಭೀಮನನ್ನು ನೇರ ನೋಡಿ ಗುಡುಗಿದಾಗ ಭೀಮ ತನ್ನ ಮಾತು ಮರೆತ. ನಮಗೆ ಮೈ ನಡುಗಿತು. ಇಂಥ ಕಣ್ಣು ಈ ಮನುಷ್ಯನೊಳಗೆ ಇಷ್ಟು ದಿನ ಎಲ್ಲಿತ್ತು?

ನಾಟಕದ ರಾತ್ರಿ ಗೌಡರೇ ಉದ್ಘಾಟನೆ ಮಾಡಿ ಮುಂದಿನ ಸಾಲಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತರು. ಅಪ್ಪನ ಸಿಂಹಾಸನ ಅದಕ್ಕಿಂತ ಎತ್ತರದಲ್ಲಿತ್ತು. ನೆಂಟರು ನಡುನಡುವೆ ನಾಟಕ ನಿಲ್ಲಿಸಿ ನೋಟಿನ ಹಾರ ಹಾಕಿದರು. ಬೆಳಕು ಹರಿಯುವ ಹೊತ್ತಿಗೆ ದುರ್ಯೋಧನ ತೊಡೆ ಮುರಿದು ಬಿದ್ದ. ಕಿವಿಯ ಹಿಂದೆ ಬಣ್ಣ ಇನ್ನೂ ಇರುವಂತೆಯೇ ಅಪ್ಪ ಗೌಡರ ಕೊಟ್ಟಿಗೆಗೆ ಹೋದ. ಗೌಡರು ಹಲ್ಲುಜ್ಜುತ್ತ ನಿಂತಿದ್ದವರು, ‘ಏನ್ಲಾ ದುರ್ಯೋಧ್ನಾ, ಸಗಣಿ ಬಾಚಕ್ಕೆ ಬಂದ್ಯಾ?’ ಅಂದರು. ಸುತ್ತ ಇದ್ದವರು ನಕ್ಕರು. ‘ಹೂಂ ಬುದ್ಧಿ’ ಎಂದು ಅಪ್ಪನೂ ನಕ್ಕ.

ಆ ನಗುವನ್ನು ನಾವು ಬಹಳ ದಿನ ಕ್ಷಮಿಸಲಿಲ್ಲ. ಕಾಲೇಜು ಸೇರಿದ ಮೇಲಂತೂ ಅದನ್ನು ಗುಲಾಮಗಿರಿ ಎಂದೇ ಬರೆದೆವು. ಈಗ ಬೇರೆ ರೀತಿ ಕಾಣುತ್ತದೆ. ಎರಡು ತಿಂಗಳು ಕಷ್ಟಪಟ್ಟು ರಾಜನ ನಡಿಗೆ ಕಲಿತವನಿಗೆ ಒಂದು ವಿಷಯ ತಿಳಿದೇ ತಿಳಿಯುತ್ತದೆ. ರಾಜತನ ಎಂಬುದು ರಕ್ತದಲ್ಲಿಲ್ಲ; ಎದೆಯ ಸೆಟೆತ, ಕತ್ತಿನ ತಿರುವು, ದನಿಯ ಏರಿನಲ್ಲಿದೆ, ಮುಖ್ಯವಾಗಿ ಸುತ್ತ ನಿಂತವರು ಬಗ್ಗುವುದರಲ್ಲಿದೆ. ಹಾಗಿದ್ದರೆ ಗೌಡರ ಗತ್ತು ಮಾತ್ರ ಹುಟ್ಟಿನಿಂದ ಬಂದದ್ದು ಹೇಗೆ? ಅವರದೂ ಪಾರ್ಟೇ. ಪಾರ್ಟು ಎಂಬುದನ್ನು ಅವರು ಮರೆತಿದ್ದಾರೆ, ಅಷ್ಟೇ. ಜಾತಿ ಎಂಬುದು ಆಡುವವರಿಗೇ ಮರೆತುಹೋದ ನಾಟಕ. ಅಪ್ಪನಿಗೆ ಆ ಬೆಳಗ್ಗೆ ಇದು ಗೊತ್ತಿತ್ತು, ಗೌಡರಿಗೆ ಗೊತ್ತಿರಲಿಲ್ಲ. ಆದರೂ ಅಪ್ಪ ಬಗ್ಗಿದ, ಯಾಕೆಂದರೆ ಸಾಲದ ಪತ್ರ ಗೌಡರ ಪೆಟ್ಟಿಗೆಯಲ್ಲಿತ್ತು. ತಿಳಿವಳಿಕೆಯೊಂದರಿಂದಲೇ ಸಾಲ ತೀರುವುದಿಲ್ಲ. ಕಲೆ ಮನುಷ್ಯನನ್ನು ಬಿಡುಗಡೆ ಮಾಡುತ್ತದೆ ಎಂದು ಬರೆಯುವ ಸಾಹಿತಿಗಳು ಈ ಪೆಟ್ಟಿಗೆಯ ಮಾತನ್ನೂ ಬರೆಯಬೇಕು. ಆದರೆ ಒಮ್ಮೆ ಎದ್ದ ಕಣ್ಣು ಪೂರ್ತಿ ಮಲಗುವುದೂ ಇಲ್ಲ. ಮಕ್ಕಳನ್ನು ಗೌಡರ ಮನೆ ಜೀತಕ್ಕೆ ಬಿಡುವುದಿಲ್ಲ ಎಂದು ಅಪ್ಪ ಹೇಳಿದ್ದು ಮರುವರ್ಷ.

ನಾಟಕ ಎಲ್ಲರದು ಎಂದು ಶಾಸ್ತ್ರವೇ ಹೇಳುತ್ತದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಹೌದು, ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಆ ಕತೆ ಇದೆ. ಶೂದ್ರರು ವೇದ ಕೇಳುವಂತಿಲ್ಲವಾದ್ದರಿಂದ ಎಲ್ಲ ವರ್ಣದವರಿಗೂ ಆಗುವಂಥ ಐದನೆಯ ವೇದವೊಂದನ್ನು ಕೊಡು ಎಂದು ದೇವತೆಗಳು ಬ್ರಹ್ಮನನ್ನು ಕೇಳಿದರಂತೆ. ಐದನೆಯ ವೇದ! ನಾವೂ ಐದನೆಯವರೇ, ಪಂಚಮರು. ಆದರೆ ಕತೆಯನ್ನು ಮುಂದಕ್ಕೆ ಓದಬೇಕು. ಆಡಿದ ಮೊದಲ ನಾಟಕದ ವಸ್ತು ದೇವತೆಗಳು ಅಸುರರನ್ನು ಸೋಲಿಸಿದ್ದು. ನೋಡಲು ಬಂದಿದ್ದ ಅಸುರರು ಸಿಟ್ಟಾದರು. ನಟರ ಮಾತು, ಚಲನೆ, ನೆನಪು ಕಟ್ಟಿಹೋಗುವಂತೆ ಮಾಡಿದರು. ಇಂದ್ರ ಧ್ವಜದ ಕೋಲಿನಿಂದ ಅವರನ್ನು ಬಡಿದ. ಆಮೇಲೆ ಬ್ರಹ್ಮ ಸಮಾಧಾನದ ಮಾತಾಡಿದ: ನಾಟ್ಯ ಯಾರೊಬ್ಬರ ಪರವೂ ಅಲ್ಲ, ಅದು ಮೂರು ಲೋಕದ ಭಾವಗಳನ್ನೂ ತೋರಿಸುತ್ತದೆ ಎಂದು. ಮೊದಲು ಕೋಲು, ಆಮೇಲೆ ಕಲೆಯ ತತ್ವ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಇನ್ನೊಂದು ಕತೆ. ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಆಡಿದರು. ಋಷಿಗಳು ನೀವು ಶೂದ್ರರಾಗಿ ಹೋಗಿ ಎಂದು ಶಾಪ ಕೊಟ್ಟರು. ನಮಗೆ ಇದರಿಂದ ಎರಡು ವಿಷಯ ತಿಳಿಯುತ್ತದೆ. ತಮ್ಮನ್ನು ರಂಗದ ಮೇಲೆ ತೋರಿಸಿದ ರೀತಿ ಸರಿಯಿಲ್ಲ ಎಂದು ಮೊದಲು ಎದ್ದು ಕೇಳಿದವರು ಅಸುರರು. ಮೇಲಿನವರ ನಡೆಯನ್ನು ಆಡಿ ತೋರಿಸಿದವರಿಗೆ ಸಿಕ್ಕ ಶಿಕ್ಷೆ ಜಾತಿ.

ಇದು ಹಳೆಯ ಕಾಲದ ಕಟ್ಟುಕತೆಯಾಗಿ ಉಳಿದಿದ್ದರೆ ಬಿಟ್ಟುಬಿಡಬಹುದಿತ್ತು. ಮಲಯಾಳದ ಮೊದಲ ಸಿನಿಮಾ ‘ವಿಗತಕುಮಾರನ್’. ಜೆ. ಸಿ. ಡ್ಯಾನಿಯಲ್ ಎಂಬವರು ತೆಗೆದ ಮೂಕಿ ಚಿತ್ರ, 1930ರ ಸುಮಾರಿಗೆ ತಿರುವನಂತಪುರದಲ್ಲಿ ತೆರೆ ಕಂಡಿತು. ಅದರ ನಾಯಕಿ ಪಿ. ಕೆ. ರೋಸಿ, ಪುಲಯ ಜಾತಿಯ ಬಡ ಹೆಣ್ಣುಮಗಳು. ಆಕೆ ಮಾಡಿದ್ದು ಒಬ್ಬ ನಾಯರ್ ಹೆಂಗಸಿನ ಪಾತ್ರ. ಅಷ್ಟಕ್ಕೇ ಮೇಲುಜಾತಿಯವರು ರೊಚ್ಚಿಗೆದ್ದು ತೆರೆಗೆ ಕಲ್ಲು ತೂರಿದರು. ಆಕೆಯ ಗುಡಿಸಲಿಗೆ ಬೆಂಕಿ ಇಟ್ಟರೆಂದೂ ಹೇಳುತ್ತಾರೆ. ರೋಸಿ ಊರು ಬಿಟ್ಟು ತಮಿಳು ಸೀಮೆಗೆ ಓಡಿದಳು. ಅಲ್ಲಿ ಹೆಸರು ಮರೆಸಿ ಬದುಕು ಕಳೆದಳು. ಮತ್ತೆ ನಟಿಸಲಿಲ್ಲ. ಆ ಸಿನಿಮಾದ ಪ್ರತಿಯೂ ಉಳಿದಿಲ್ಲ. ಒಂದು ಪಾತ್ರ ಮಾಡಿದ್ದಕ್ಕಾಗಿ ಉಳಿದ ಆಯುಷ್ಯವೆಲ್ಲ ವೇಷದಲ್ಲಿ ಬದುಕಬೇಕಾಯಿತು.

ಈಗ ನಮ್ಮ ಕನ್ನಡದ ಒಂದು ಉದಾಹರಣೆ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ 1933ರದು. ಬಿ. ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಚೋಮನ ಪಾತ್ರ ಮಾಡಿದ ಎಂ. ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಬರಬೇಕಾದ್ದೇ. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದಾಗಿನಿಂದ ಪಳಗಿದ ನಟ ಅವರು. ಸ್ವಂತಕ್ಕೆ ಒಂದು ತುಂಡು ಭೂಮಿ ಉಳಬೇಕೆಂಬ ಚೋಮನ ಆಸೆಯನ್ನು, ಅದು ಕೈಗೂಡದ ರೋಷವನ್ನು ದುಡಿ ಬಡಿದು ತೀರಿಸಿಕೊಳ್ಳುವ ಅವನ ಸಂಕಟವನ್ನು ಅವರು ತೋರಿಸಿದ ರೀತಿಗೆ ನಮ್ಮ ಕಣ್ಣೂ ತುಂಬಿತು. ಅವರ ಮೇಲೆ ನಮಗೆ ತಕರಾರಿಲ್ಲ. ತಕರಾರು ಇರುವುದು ತಕ್ಕಡಿಯ ಮೇಲೆ. ಮೇಲಿನ ಜಾತಿಯ ನಟ ಕೆಳಗಿಳಿದು ಹೊಲೆಯನಾದರೆ ಪದಕ, ಪುಲಯ ಹೆಣ್ಣು ಮೇಲೇರಿ ನಾಯರ್ ಹೆಂಗಸಾದರೆ ಕಲ್ಲು! ಇಬ್ಬರೂ ಮಾಡಿದ್ದು ಒಂದೇ ಕೆಲಸ, ಇನ್ನೊಬ್ಬರಾಗಿ ಊಹಿಸಿಕೊಂಡದ್ದು. ಒಂದು ಕಡೆಯ ಊಹೆ ಉದಾರತೆ, ಇನ್ನೊಂದು ಕಡೆಯ ಊಹೆ ಸೊಕ್ಕು.

ನಮ್ಮ ಕೆಲವು ಗೆಳೆಯರು ವಾದ ಮಾಡುತ್ತಾರೆ: ಹಾಗಿದ್ದರೆ ನಮ್ಮ ಪಾತ್ರಗಳನ್ನು ನಾವೇ ಮಾಡಬೇಕು, ಬೇರೆ ಯಾರೂ ಮುಟ್ಟಬಾರದು. ಈ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಒಪ್ಪಲು ಆಗುವುದಿಲ್ಲ. ಹುಟ್ಟಿದ್ದನ್ನಷ್ಟೇ ಆಡಬೇಕು ಎಂಬುದು ಜಾತಿಯ ಕಾನೂನು. ಆ ಕಾನೂನನ್ನು ರಂಗದ ಮೇಲೂ ತಂದರೆ ಅಪ್ಪನ ದುರ್ಯೋಧನನನ್ನು ನಾವೇ ಕಿರೀಟ ಕಿತ್ತು ಕೆಳಗಿಳಿಸಿದಂತೆ. ನಾವು ಕೇಳಬೇಕಾದ್ದು ಬೇರೆ. ನಮ್ಮ ಪಾತ್ರ ಮಾಡುವವನು ನಮ್ಮ ಕೇರಿಗೆ ಬಂದು ಕೂತಿದ್ದನೆ? ಸರಿಯಾಯಿತೆ ಎಂದು ನಮ್ಮನ್ನು ಕೇಳಿದನೆ? ನಾವು ಅಸುರರ ಹಾಗೆ ಎದ್ದು ನಿಂತು ಇಲ್ಲ ಎಂದರೆ ಕೋಲು ಎತ್ತುತ್ತಾನೋ, ಕಿವಿ ಕೊಡುತ್ತಾನೋ? ಇನ್ನೂ ಒಂದು: ನಮ್ಮ ಹುಡುಗ ಹುಡುಗಿಯರಿಗೆ ಅಳುವ ಪಾರ್ಟು, ಒದೆ ತಿನ್ನುವ ಪಾರ್ಟು ಬಿಟ್ಟು ಬೇರೆ ಪಾರ್ಟು ಉಂಟೋ? ಹ್ಯಾಮ್ಲೆಟ್ಟು ಉಂಟೋ, ರಾಮ ಉಂಟೋ, ಬ್ಯಾಂಕ್ ಮ್ಯಾನೇಜರು ಉಂಟೋ? ದಾರಿ ಎರಡು ಕಡೆಯಿಂದಲೂ ತೆರೆದಿರಬೇಕು.

ರಷ್ಯಾದ ಸ್ತಾನಿಸ್ಲಾವ್ಸ್ಕಿ ತನ್ನ ನಟರಿಗೆ ಒಂದು ಮಾತು ಹೇಳಿಕೊಡುತ್ತಿದ್ದ: ‘ಒಂದು ವೇಳೆ’. ಒಂದು ವೇಳೆ ನಾನು ಆ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದೆ? ಎಷ್ಟು ಚಿಕ್ಕ ಮಾತು! ಆದರೆ ಸಾವಿರ ವರ್ಷದಿಂದ ಈ ದೇಶದಲ್ಲಿ ಮೇಲಿದ್ದವರು ಆಡದೆ ಉಳಿಸಿಕೊಂಡ ಮಾತು ಇದೇ. ಒಂದು ವೇಳೆ ನಾನು ಕೇರಿಯಲ್ಲಿ ಹುಟ್ಟಿದ್ದರೆ ಎಂದು ಗೌಡರು ಒಂದು ರಾತ್ರಿಯಾದರೂ ಕೇಳಿಕೊಂಡಿದ್ದರೆ ಬೆಳಗ್ಗೆ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ನಮಗಾದರೋ ಅದಿಲ್ಲದೆ ಒಂದು ದಿನವೂ ನಡೆಯದು. ಗೌಡರು ಇವತ್ತು ಸಿಟ್ಟಾಗಿದ್ದಾರೋ, ಕೂಲಿ ಕೇಳಬಹುದೋ, ಅವರಮ್ಮ ಉಳಿದ ಮುದ್ದೆ ಹಾಕುತ್ತಾರೋ ಎಂದು ಅವರ ಹುಬ್ಬಿನ ಕೂದಲನ್ನೂ ಓದುತ್ತಿದ್ದೆವು. ಊರಿನವರ ಮನಸ್ಸನ್ನು ಊರಿನವರಿಗಿಂತ ಚೆನ್ನಾಗಿ ಬಲ್ಲವರು ಕೇರಿಯವರು. ಕಲ್ಪನೆ ಕವಿಗಳ ಸೊತ್ತು ಎನ್ನುತ್ತಾರೆ. ಅಲ್ಲ, ಅದು ಕೂಲಿಯವರ ಆಯುಧ. ನಮ್ಮಲ್ಲಿ ಅದು ಕಮ್ಮಿಯಿಲ್ಲ. ಅದೆಲ್ಲವೂ ಮೇಲಿನವರನ್ನು ಕಾಯುವುದರಲ್ಲೇ ಖರ್ಚಾಗಿದೆ, ಅದೇ ನಮ್ಮ ದುಃಖ.

ಕಲ್ಪನೆ ನಮ್ಮ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಗಳಿವೆ. ಮಹಾರಾಷ್ಟ್ರದಲ್ಲಿ ಭೀಮರಾವ್ ಕರ್ಡಕ್ ಮತ್ತು ಜತೆಯವರು ಜಲಸಾ ಕಟ್ಟಿ ಬಾಬಾಸಾಹೇಬರ ವಿಚಾರವನ್ನು ಅಕ್ಷರ ಬಾರದ ಜನರ ನಡುವೆ ಹಾಡಿ ಆಡಿ ತೋರಿಸಿದರು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟ ಮೇಲೆ ನಮ್ಮ ‘ಸಮುದಾಯ’ ತಂಡದವರು ಅದನ್ನು ಬೀದಿನಾಟಕ ಮಾಡಿ ಕರ್ನಾಟಕದ ಊರೂರಿಗೆ ಒಯ್ದರು. ಪರದೆಯಿಲ್ಲ, ಕಿರೀಟವಿಲ್ಲ. ಮರಾಠಿಯ ನಾಗರಾಜ ಮಂಜುಳೆಯವರ ‘ಫ್ಯಾಂಡ್ರಿ’ 2013ರದು. ಅದರ ಕೊನೆಯಲ್ಲಿ ಹಂದಿ ಹಿಡಿಯುವವರ ಹುಡುಗ ಬೀಸಿದ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ರೋಸಿಯ ತೆರೆಗೆ ಬಿದ್ದ ಕಲ್ಲು ಎಷ್ಟೋ ವರ್ಷಗಳ ಮೇಲೆ ತೆರೆಯೊಳಗಿಂದ ವಾಪಸು ಬಂತು ಎಂದು ನಮಗನ್ನಿಸಿತು.

ಇಷ್ಟೆಲ್ಲ ಬರೆಯುವ ನಾವು ಏನು ಮಾಡಿದೆವು? ಅದನ್ನೂ ಹೇಳಬೇಕು.

ಡಿಗ್ರಿ ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಬಾಡಿಗೆಗೆ ರೂಮು ಹುಡುಕಿದೆವು. ಏಳು ಮನೆಯಲ್ಲಿ ‘ನೀವು ಯಾವ ಜನ?’ ಎಂದು ಕೇಳಿದರು. ನಾಲ್ಕು ಕಡೆ ನಿಜ ಹೇಳಿದೆವು. ಆ ನಾಲ್ಕು ಕಡೆಯೂ ರೂಮು ಆಗಲೇ ಬೇರೆಯವರಿಗೆ ಗೊತ್ತಾಗಿಬಿಟ್ಟಿತ್ತು. ಐದು, ಆರರಲ್ಲಿ ಉತ್ತರ ಹೇಳದೆ ಎದ್ದು ಬಂದೆವು. ಏಳನೆಯ ಮನೆಯಲ್ಲಿ ಬೇರೊಂದು ಜಾತಿ ಹೇಳಿದೆವು. ಬೀಗದ ಕೈ ಸಿಕ್ಕಿತು. ಆರು ತಿಂಗಳು ಇದ್ದೆವು. ಬಾಡಿನ ಸಾರಿನ ವಾಸನೆಗೂ ಹೆದರಿದೆವು. ಬಾಬಾಸಾಹೇಬರ ಪಟ ಪೆಟ್ಟಿಗೆಯ ತಳದಲ್ಲಿ ಬಟ್ಟೆಯ ಕೆಳಗಿತ್ತು. ಆ ಆರು ತಿಂಗಳಲ್ಲಿ ಒಂದು ಪದ್ಯವೂ ಬರಲಿಲ್ಲ. ಬರೆಯಲು ಕೂತರೆ ಹೊರಗೆ ಯಾರದೋ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ವೇಷ ಕಲ್ಪನೆಯನ್ನು ತಿಂದುಹಾಕುತ್ತದೆ ಎಂಬುದು ನಮಗೆ ಪುಸ್ತಕದಿಂದ ತಿಳಿದ ಮಾತಲ್ಲ.

ಒಂದು ಭಾನುವಾರ ಅಪ್ಪ ರಾಗಿಹಿಟ್ಟಿನ ಚೀಲ ಹೊತ್ತು ಬಂದ. ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿಕೊಂಡು ಹೇಳಿಕೊಟ್ಟೆವು: ಕೇರಿ ಹೆಸರು ಎತ್ತಬೇಡ, ಇಂಥ ಜನ ಅಂತ ಹೇಳು, ಅವರನ್ನ ಬುದ್ಧಿ ಅನ್ನಬೇಡ. ಅವ್ವ ನಮಗೆ ಹೇಳಿಕೊಟ್ಟ ಹಾಗೆಯೇ. ಅಪ್ಪ ಸುಮ್ಮನೆ ಕೇಳಿಸಿಕೊಂಡ. ಮನೆಯ ಯಜಮಾನರು ಮಾತಾಡಿಸಿದಾಗ ತಲೆ ಎತ್ತಿ, ನೇರ ನೋಡಿ, ಎಷ್ಟು ಬೇಕೋ ಅಷ್ಟೇ ಮಾತಾಡಿದ. ಒಂದು ಮಾತೂ ತಪ್ಪಲಿಲ್ಲ. ದುರ್ಯೋಧನನ ಕಣ್ಣು ಅದು. ಯಜಮಾನರು ಕಾಫಿ ಕೊಟ್ಟರು, ಅವರ ಲೋಟದಲ್ಲೇ ಕೊಟ್ಟರು.

ಸಂಜೆ ಬಸ್ ಹತ್ತಿಸುವಾಗ ಅಪ್ಪ ಕೇಳಿದ: ‘ಪಾರ್ಟು ಸರೀಗ್ ಮಾಡಿದ್ನೇನ್ಲಾ ಮಗಾ?’

ನಮಗೆ ಬಾಯಿ ಬರಲಿಲ್ಲ. ಅವನೇ ಮತ್ತೆ ಅಂದ: ‘ಅವತ್ತು ಎರಡು ಮರಿ ಮಾರಿ ಪಾರ್ಟು ತಗಂಡೆ. ನಿಮ್ಮವ್ವ ಬೈದ್ಲು. ಆದ್ರೂ ಎಲ್ರೂ ನೋಡ್ತಾ ಇದ್ರು ಕಣಪ್ಪಾ, ಎಲ್ರಿಗೂ ಗೊತ್ತಿತ್ತು ನಾನ್ಯಾರು ಅಂತ. ಈ ಪಾರ್ಟಿಗೆ ನೀನು ಏನು ಮಾರ್ದೆ?’

ಬಸ್ಸು ಹೊರಟಿತು. ಸಿಟ್ಟಿನಿಂದ ಕೇಳಿದ ಮಾತಲ್ಲ ಅದು. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

ಮರುತಿಂಗಳು ಆ ರೂಮು ಬಿಟ್ಟೆವು. ನಿಜ ಹೇಳಿ ಬಿಟ್ಟೆವು ಎಂದು ಬರೆಯಬೇಕೆಂಬ ಆಸೆ ಇದೆ. ಇಲ್ಲ, ಹೇಳದೆಯೇ ಬಿಟ್ಟೆವು. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ರೂಮಿಗಾಗಿ ವೇಷ ಹಾಕುವ ನಮ್ಮ ತಮ್ಮ ತಂಗಿಯರನ್ನು ನಾವು ಹೇಡಿಗಳೆನ್ನುವುದಿಲ್ಲ. ಹಾಗೆನ್ನುವವರು ಮೊದಲು ತಮ್ಮ ಮನೆಯ ರೂಮು ತೋರಿಸಲಿ. ಆದರೆ ವೇಷವೇ ಬದುಕಾಗಬಾರದು ಎಂದಷ್ಟೇ ಹೇಳುತ್ತೇವೆ. ಎಲ್ಲರೂ ನೋಡುತ್ತಿರುವಾಗ, ನಾವು ಯಾರೆಂದು ಎಲ್ಲರಿಗೂ ಗೊತ್ತಿರುವಾಗ, ತಲೆ ಎತ್ತಿ ಇನ್ನೊಬ್ಬರಾಗಿ ನಿಲ್ಲುವುದಕ್ಕೆ ಒಂದು ಜಾಗ ಬೇಕು. ಅದು ಶಾಲೆಯ ಜಗಲಿಯಾದರೂ ಸರಿ. ಹಳ್ಳಿಯ ಮೇಷ್ಟ್ರುಗಳೆ, ನಿಮ್ಮನ್ನು ಕೇಳುವುದಿಷ್ಟೇ. ಸ್ಕೂಲ್ ಡೇ ನಾಟಕದಲ್ಲಿ ಕೇರಿಯ ಮಗುವಿಗೆ ಬಾಗಿಲು ಕಾಯುವ ಪಾರ್ಟು ಕೊಡಬೇಡಿ. ರಾಜನ ಪಾರ್ಟು ಕೊಡಿ. ಗೌಡರ ಮಗನಿಗೆ ಒಂದು ಸಲ ಬಾಗಿಲು ಕಾಯುವ ಪಾರ್ಟು ಕೊಡಿ, ಅವನಿಗೂ ಆ ‘ಒಂದು ವೇಳೆ’ ಬೇಕು.

ಈ ಸಲ ಸುಗ್ಗಿ ಮುಗಿದ ಮೇಲೆ ಕೇರಿಯ ಹುಡುಗರು ಮತ್ತೆ ಕುರುಕ್ಷೇತ್ರ ಕಟ್ಟುತ್ತಿದ್ದಾರೆ. ನಮಗೂ ಒಂದು ಪಾರ್ಟು ಬೇಕೆಂದು ದುಡ್ಡು ಕಟ್ಟಿದ್ದೇವೆ. ಮಾತು ಓದಿ ಕಲಿಯುತ್ತೇವೆ, ಅದು ಕಷ್ಟವಲ್ಲ. ಕಣ್ಣಿನದು ಅಪ್ಪ ಹೇಳಿಕೊಡುತ್ತೇನೆ ಅಂದಿದ್ದಾನೆ.